ನಾಲ್ಕನೇ ಕ್ಲಾಸಿಗೆ 12 ವಾರದ ತತ್ವಶಾಸ್ತ್ರ: ಫೋನಿಗೆಷ್ಟು ಕೆಲಸ, ತರಗತಿಗೆಷ್ಟು

ಪ್ರಾಥಮಿಕ ಶಾಲೆಯಲ್ಲಿ ತತ್ವಶಾಸ್ತ್ರ ಶುರು ಮಾಡೋಣ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಸಾಕ್ರೆಟಿಸ್, ಬುದ್ಧ, ಶಂಕರರ ಚಿತ್ರಪಟ ತರಿಸುವುದು. ಎರಡನೆಯದು, ಒಳ್ಳೊಳ್ಳೆ ವಿಡಿಯೊ ಹುಡುಕುವುದು. ಎರಡೂ ಬೇಡ. ಎಂಟೊಂಬತ್ತು ವರ್ಷದ ಮಗುವಿಗೆ ದಾರ್ಶನಿಕರ ಹೆಸರು ಕಲಿಸಿದರೆ ಸಾಮಾನ್ಯ ಜ್ಞಾನದ ಇನ್ನೊಂದು ಪಾಠವಾಯಿತು, ಅಷ್ಟೇ. ಮಕ್ಕಳು ತಾವೇ ಪ್ರಶ್ನೆ ಎತ್ತಿ, ಒಬ್ಬರಿಗೊಬ್ಬರು ಕಾರಣ ಕೊಟ್ಟು, ಬೇಕಾದರೆ ಮನಸ್ಸು ಬದಲಿಸುವ 15-20 ನಿಮಿಷ ವಾರಕ್ಕೊಮ್ಮೆ ಸಿಗಬೇಕು. ಪಠ್ಯಕ್ರಮದ ಉಳಿದ ಭಾಗವೆಲ್ಲ, ಫೋನಿನಲ್ಲಿ ನಡೆಯುವುದೂ ಸೇರಿ, ಆ ಹೊತ್ತಿಗೆ ತಯಾರಿ ಮಾತ್ರ.

ಈ ಹಾದಿ ಹೊಸದೇನಲ್ಲ. ಅಮೆರಿಕದ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಮ್ಯಾಥ್ಯೂ ಲಿಪ್‌ಮನ್ 1974ರಲ್ಲಿ ಮಕ್ಕಳ ತತ್ವಶಾಸ್ತ್ರಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಆ ಕೆಲಸದಲ್ಲಿ ಅವರ ಜೊತೆಗಾರ್ತಿ ಆನ್ ಮಾರ್ಗರೆಟ್ ಶಾರ್ಪ್. ಮಕ್ಕಳಿಗಾಗಿ ಲಿಪ್‌ಮನ್ ಬರೆದ ಕಥೆಗಳಲ್ಲಿ ಯಾವ ತತ್ವಜ್ಞಾನಿಯೂ ಪಾಠ ಹೇಳಲು ಬರುವುದಿಲ್ಲ. ಶಾಲೆಯ ಹುಡುಗ ಹುಡುಗಿಯರೇ ತಮ್ಮ ತಮ್ಮ ಗೊಂದಲ ಬಿಡಿಸುತ್ತಾರೆ. ವೃತ್ತದಲ್ಲಿ ಕೂತು, ಒಟ್ಟಿಗೆ ಓದಿ, ಪ್ರಶ್ನೆ ಹಾಕಿ, ಚರ್ಚಿಸುವ ಕ್ರಮ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು. ಇಷ್ಟು ಚಿಕ್ಕವರಿಗೆ ಅಮೂರ್ತ ಚಿಂತನೆ ಸಾಧ್ಯವೇ ಎಂಬ ಅನುಮಾನಕ್ಕೆ ಅಮೆರಿಕದ ತತ್ವಜ್ಞಾನಿ ಗ್ಯಾರೆತ್ ಮ್ಯಾಥ್ಯೂಸ್ 1980ರಲ್ಲೇ ಉತ್ತರ ಕೊಟ್ಟಿದ್ದಾರೆ. ಚಿಕ್ಕ ಮಕ್ಕಳ ಮಾತುಗಳನ್ನೇ ಸಂಗ್ರಹಿಸಿ, ಅವುಗಳಲ್ಲಿ ಎಷ್ಟೋ ನಿಜವಾದ ತಾತ್ವಿಕ ಪ್ರಶ್ನೆಗಳಿವೆ ಎಂದು ತೋರಿಸಿದರು. ದೊಡ್ಡವರಿಗೆ ಅವು ಕೇಳಿಸುವುದಿಲ್ಲ, ಅಥವಾ "ತಲೆಹರಟೆ" ಅನ್ನಿಸುತ್ತವೆ.

ಇಲ್ಲಿ ಹೇಳುವುದು ಕನ್ನಡ ಮಾಧ್ಯಮದ ನಾಲ್ಕನೇ ತರಗತಿಗೆ ಹೊಂದುವ ಒಂದು ಅಳತೆ: 30 ಮಕ್ಕಳು, 12 ವಾರ, ವಾರಕ್ಕೆ 40 ನಿಮಿಷದ ಒಂದು ಪಿರಿಯಡ್. ಜೊತೆಗೆ ಮನೆಯಲ್ಲಿ ಸುಮಾರು 10 ನಿಮಿಷದ ಕೆಲಸ. ಮೂರನೇ ತರಗತಿಗೂ ಐದಕ್ಕೂ ಸ್ವಲ್ಪ ತಿದ್ದಿಕೊಂಡರೆ ಸಾಕು.

ಮೊದಲು ಫೋನಿನ ವಿಷಯ, ಕೆಡುವುದು ಅಲ್ಲೇ. ಬುಧವಾರ ಸಂಜೆ ತರಗತಿಯ ಫೋನ್ ಗುಂಪಿಗೆ ಆ ವಾರದ ಕಥೆಯ ಒಂದು ಆಡಿಯೊ ಹೋಗುತ್ತದೆ. ಮೂರು ನಿಮಿಷ ಮೀರಬಾರದು. ಮಾತು ಮಾತ್ರ ಇರುವ ಧ್ವನಿಮುದ್ರಣಕ್ಕೆ ಮೊನೊ (ಒಂದೇ ಚಾನೆಲ್), 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್) ಸಾಕು. ಆಗ ಮೂರು ನಿಮಿಷದ ಫೈಲು 720 ಕೆಬಿ ಆಸುಪಾಸು ಬರುತ್ತದೆ, ನೆಟ್‌ವರ್ಕ್ ಸರಿಯಿಲ್ಲದ ಊರಲ್ಲೂ ಇಳಿಯುತ್ತದೆ. ವಿಡಿಯೊ ಬೇಡ ಅನ್ನಲು ಡೇಟಾ ಒಂದೇ ಕಾರಣವಲ್ಲ. ಗೋವಿನ ಹಾಡಿಗೆ ಚಿತ್ರ ಬರೆದವನು ಹುಲಿಗೆ ಕೆಂಪು ಕಣ್ಣು ಬರೆದಿದ್ದರೆ ಹುಲಿ ಕೆಟ್ಟದ್ದೋ ಅಲ್ಲವೋ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಚರ್ಚೆಗೆ ಉಳಿಯಬೇಕಾದ್ದನ್ನು ಚಿತ್ರ ಮೊದಲೇ ಹೇಳಿಬಿಡುತ್ತದೆ. ಕಿವಿಯಲ್ಲಿ ಕೇಳಿದ ಕಥೆಗೆ ಮಗು ತನ್ನದೇ ಹುಲಿ ಕಟ್ಟಿಕೊಳ್ಳುತ್ತದೆ.

ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಅಪ್ಪನ ಜೇಬಲ್ಲಿ, ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಆದ್ದರಿಂದ ಆಡಿಯೊಗೂ ಪಿರಿಯಡ್‌ಗೂ ನಡುವೆ ಕನಿಷ್ಠ ಎರಡು ರಾತ್ರಿ ಇರಲಿ: ಬುಧವಾರ ಕಳಿಸಿದ್ದಕ್ಕೆ ಶುಕ್ರವಾರ ಕ್ಲಾಸು. ಇಷ್ಟಾದರೂ ನಾಲ್ಕೈದು ಮಕ್ಕಳು ಕೇಳದೆ ಬರುತ್ತಾರೆ. ಅದಕ್ಕೆ ಶುಕ್ರವಾರ ತರಗತಿಯಲ್ಲಿ ಅದೇ ಆಡಿಯೊ ಇನ್ನೊಮ್ಮೆ ಹಾಕಬೇಕು, ಸಣ್ಣ ಸ್ಪೀಕರ್ ಸಾಕು. ಕೇಳಿ ಬಂದವರಿಗೆ ಎರಡನೇ ಸಲ ಕೇಳಿದ್ದು ಲಾಭವೇ, ಪ್ರಶ್ನೆಗಳು ಹುಟ್ಟುವುದು ಹೆಚ್ಚಾಗಿ ಎರಡನೇ ಸಲದಲ್ಲಿ. "ಮನೆಯಲ್ಲಿ ಕೇಳಿದವರು ಮಾತ್ರ ಮಾತಾಡಿ" ಅಂದ ಕ್ಷಣ ಫೋನೂ ತರಗತಿಯೂ ಬೆರೆತ ಈ ಮಿಶ್ರಕ್ರಮ ಫೋನಿದ್ದವರ ಪಠ್ಯಕ್ರಮವಾಗುತ್ತದೆ.

ಭಾನುವಾರದೊಳಗೆ ಮಗು ಅರ್ಧ ನಿಮಿಷದ ಧ್ವನಿಸಂದೇಶ ಕಳಿಸಬೇಕು. ಪ್ರಶ್ನೆ ಪ್ರತಿ ವಾರವೂ ಒಂದೇ: "ಶುಕ್ರವಾರ ಯಾರು ಹೇಳಿದ ಯಾವ ಮಾತು ನಿನಗೆ ಇನ್ನೂ ನೆನಪಿದೆ? ಅದನ್ನು ಒಪ್ತೀಯಾ?" ಇದು ಗುಂಪಿಗೆ ಹೋಗಕೂಡದು, ಟೀಚರಿಗೆ ಮಾತ್ರ ಹೋಗಬೇಕು. ಗುಂಪಿಗೆ ಹಾಕಿದರೆ ಮೊದಲು ಬಂದ ಉತ್ತರವನ್ನೇ ಉಳಿದವರು ತಿರುಗಿಸಿ ಹೇಳುತ್ತಾರೆ. ಜೊತೆಗೆ ತಂದೆತಾಯಂದಿರ ಪೈಪೋಟಿ ಶುರು, ಹಿಂದಿನಿಂದ ಅಮ್ಮ ಪಿಸುಗುಡುವುದು ರೆಕಾರ್ಡಿಂಗಿನಲ್ಲೇ ಕೇಳಿಸುತ್ತದೆ. ಫೋನಿಲ್ಲದ ಮಗು ಸೋಮವಾರ ಪ್ರಾರ್ಥನೆಗೆ ಮುಂಚೆ ಬಾಯಲ್ಲೇ ಹೇಳಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಆದ್ದರಿಂದ ಮೊದಲ ಪೋಷಕರ ಸಭೆಯಲ್ಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡು, ಕೇಳಿ ಟಿಪ್ಪಣಿ ಮಾಡಿಕೊಂಡ ಧ್ವನಿಗಳನ್ನು ಆ ವಾರವೇ ಅಳಿಸುವುದು ಒಳ್ಳೆಯದು.

ಇನ್ನು 40 ನಿಮಿಷದ ಹಂಚಿಕೆ. ವೃತ್ತಕ್ಕೆ ಬರಲು 3 ನಿಮಿಷ, ಆಡಿಯೊ ಮತ್ತು ಮೌನಕ್ಕೆ 5, ಪ್ರಶ್ನೆ ಮಾಡಲು 7, ಮತ ಹಾಕಲು 3, ಸಂವಾದ 17, ಕೊನೆಯ ಮಾತಿಗೆ 5. ಮೊದಲ ಎರಡು ವಾರ ವೃತ್ತಕ್ಕೇ ಎಂಟು ನಿಮಿಷ ಹೋಗುತ್ತದೆ, ಬೆಂಚು ಸರಿಸುವ ಗದ್ದಲ. ಬೆಂಚು ಸರಿಸಲಾಗದ ಕೋಣೆಯಾದರೆ ಜಗಲಿಗೋ ಮರದ ಕೆಳಗೋ ಹೋಗಿ. ಸಾಲಿನಲ್ಲಿ ಕೂತರೆ ಮಕ್ಕಳು ಟೀಚರ್ ಮುಖ ನೋಡಿ ಮಾತಾಡುತ್ತಾರೆಯೇ ಹೊರತು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. 30 ಮಕ್ಕಳಿಗೆ ಒಂದೇ ವೃತ್ತ ದೊಡ್ಡದಾಯಿತು ಅನ್ನಿಸಿದರೆ ಒಳಗೆ 15, ಹೊರಗೆ 15 ಕೂರಿಸಿ. ಹೊರಗಿನವರು ಕೇಳಿಸಿಕೊಳ್ಳುವುದು, ಅರ್ಧಕ್ಕೆ ಅದಲುಬದಲು.

ಪ್ರಶ್ನೆ ಮಾಡುವುದು ಮೂರು ಮೂರು ಮಕ್ಕಳ ಗುಂಪಿನಲ್ಲಿ. ಹತ್ತು ಗುಂಪು, ಹತ್ತು ಪ್ರಶ್ನೆ. ಟೀಚರ್ ಅವನ್ನು ಮಕ್ಕಳ ಮಾತಿನಲ್ಲೇ, ವ್ಯಾಕರಣ ತಿದ್ದದೆ, ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಗುಂಪಿನ ಹೆಸರು ಹಾಕಬೇಕು. ಆಮೇಲೆ ವಿಂಗಡಣೆ. ಆಸ್ಟ್ರೇಲಿಯಾದ ತತ್ವಜ್ಞಾನಿ ಫಿಲಿಪ್ ಕ್ಯಾಮ್ ಇದಕ್ಕೊಂದು ನಾಲ್ಕು ಮನೆಯ ಚೌಕ ಮಾಡಿದ್ದಾರೆ: ಕಥೆಯಲ್ಲೇ ಉತ್ತರ ಇರುವುದು, ಕಥೆಯ ಬಗ್ಗೆ ಕಲ್ಪಿಸಿಕೊಳ್ಳಬೇಕಾದ್ದು, ಗೊತ್ತಿದ್ದವರನ್ನು ಕೇಳಿದರೆ ಉತ್ತರ ಸಿಗುವುದು, ಎಲ್ಲರೂ ಕೂತು ಯೋಚಿಸಬೇಕಾದ್ದು. ಗೋವಿನ ಹಾಡನ್ನೇ ತೆಗೆದುಕೊಂಡರೆ, "ಹಸುವಿನ ಹೆಸರೇನು?" ಮೊದಲನೆಯದು. "ಆಮೇಲೆ ಕರು ಏನು ಮಾಡ್ತು?" ಎರಡನೆಯದು. "ಹುಲಿ ಎಷ್ಟು ದಿನ ಉಪವಾಸ ಇರಬಹುದು?" ಮೂರನೆಯದು. "ಹೆದರಿ ಕೊಟ್ಟ ಮಾತನ್ನು ಉಳಿಸ್ಕೋಬೇಕಾ?" ನಾಲ್ಕನೆಯದು. ಶುರುವಿನಲ್ಲಿ ಹತ್ತರಲ್ಲಿ ಒಂದೋ ಎರಡೋ ಮಾತ್ರ ನಾಲ್ಕನೇ ಮನೆಗೆ ಬೀಳುತ್ತವೆ. ಗಾಬರಿ ಬೇಡ, ಟೀಚರ್ ತಾವೇ ಒಂದು ಪ್ರಶ್ನೆ ತುರುಕಲೂ ಬೇಡ. ವಿಂಗಡಿಸುವ ಕೆಲಸ ಮಕ್ಕಳದೇ ಆಗಿದ್ದರೆ ನಾಲ್ಕನೇ ಮನೆ ತಾನಾಗಿ ತುಂಬಿಕೊಳ್ಳತೊಡಗುತ್ತದೆ.

ಯಾವ ಪ್ರಶ್ನೆ ಚರ್ಚಿಸೋಣ ಎಂಬ ಮತಕ್ಕೆ ಹುಣಸೆಬೀಜ. ಮಗುವಿಗೆ ಎರಡೆರಡು, ಅಂದರೆ 60 ಬೀಜ. ಪ್ರಶ್ನೆಯ ಚೀಟಿಗಳನ್ನು ನೆಲದ ಮೇಲೆ ಬೋರಲು ಹಾಕಿದ ತೆಂಗಿನ ಚಿಪ್ಪುಗಳ ಮುಂದೆ ಇಡುವುದು, ಬೀಜವನ್ನು ಚಿಪ್ಪಿನ ಅಡಿಗೆ ತೂರಿಸುವುದು. ಯಾವ ಚಿಪ್ಪಿನಡಿ ಎಷ್ಟಿದೆ ಅಂತ ಕಾಣಬಾರದು. ಕೈ ಎತ್ತಿಸಿದರೆ ಗೆಳೆಯ ಎತ್ತಿದ್ದಕ್ಕೇ ಎಲ್ಲರೂ ಎತ್ತುತ್ತಾರೆ, ಗೆಲ್ಲುವುದು ಪ್ರಶ್ನೆಯಲ್ಲ, ಮಾನಿಟರ್.

ಸಂವಾದದ 17 ನಿಮಿಷದಲ್ಲಿ ಟೀಚರಿಗೆ ಬೇಕಾದ ಮಾತು ಬಹಳ ಕಡಿಮೆ. "ಯಾಕೆ ಹಾಗನ್ಸುತ್ತೆ?" "ಒಂದು ಉದಾಹರಣೆ ಹೇಳು." "ಎಲ್ಲಾ ಸಲವೂ ಹಾಗೇನಾ?" "ಇವಳು ಹೇಳಿದ್ದೂ ನೀನು ಹೇಳಿದ್ದೂ ಒಂದೇನಾ?" ಈ ನಾಲ್ಕೂ ಬಾಯಿಗೆ ಕೂತರೆ ಸಾಕು. "ವೆರಿ ಗುಡ್" ಅನ್ನುವುದನ್ನು ಪೂರ್ತಿ ಬಿಡಬೇಕು. ಒಂದು ಉತ್ತರಕ್ಕೆ ಶಭಾಷ್ ಅಂದರೆ ಮುಂದಿನ ಆರು ಮಕ್ಕಳು ಅದನ್ನೇ ಹೇಳುತ್ತಾರೆ. ಇದಕ್ಕಿಂತ ಕಷ್ಟದ್ದು ಸುಮ್ಮನಿರುವುದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಅಂದರೆ ಏನು ಮಹಾ ಅನ್ನಿಸಬಹುದು. ತರಗತಿಯಲ್ಲಿ ಎಣಿಸಿ ನೋಡಿ.

ಭಾಷೆಯನ್ನು ಈ ಪಿರಿಯಡ್‌ನಲ್ಲಿ ತಿದ್ದುವುದೇ ಬೇಡ. "ಹಂಗಲ್ರೀ, ಅದು ಸುಳ್ಳ ಆಗ್ತೈತಿ" ಅಂದ ಹುಡುಗಿಗೆ "ಹಾಗಲ್ಲ ಅನ್ನಬೇಕು" ಅಂದರೆ ಅವಳ ವಾದ ಅಲ್ಲಿಗೆ ಸತ್ತಿತು. ಮನೆಯ ಕನ್ನಡದಲ್ಲಿ ಯೋಚಿಸುವ ಮಗು ಪುಸ್ತಕದ ಕನ್ನಡದಲ್ಲಿ ಯೋಚಿಸಲು ಹೊರಟರೆ ಪುಸ್ತಕದ ಉತ್ತರವನ್ನೇ ಹೇಳುತ್ತದೆ.

ಈಗ 12 ವಾರದ ಒಳಗಣ ಹಂಚಿಕೆ. ನಾಲ್ಕು ಘಟಕ, ಒಂದೊಂದಕ್ಕೆ ಮೂರು ವಾರ. ಮೊದಲು ನ್ಯಾಯ, ಆಮೇಲೆ "ಅದೇನಾ ಬೇರೇನಾ", ಆಮೇಲೆ ತಿಳಿವು, ಕೊನೆಗೆ ಮಾತು ಮತ್ತು ಸತ್ಯ. ಈ ಅನುಕ್ರಮವನ್ನು ಬದಲಿಸಬೇಡಿ ಅಂತ ಒತ್ತಿ ಹೇಳುತ್ತೇನೆ. ನ್ಯಾಯದ ಬಗ್ಗೆ ಪ್ರತಿ ಮಗುವಿನ ಹತ್ತಿರವೂ ತಯಾರಾದ ತಕರಾರು ಇರುತ್ತದೆ, ತಂಗಿಗೆ ದೊಡ್ಡ ಹೋಳಿಗೆ ಕೊಟ್ಟಿದ್ದು, ಆಟದಲ್ಲಿ ಔಟ್ ಕೊಟ್ಟಿದ್ದು. ಬಾಯಿ ಬಿಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಸತ್ಯದಿಂದ ಶುರು ಮಾಡಿದರೆ ಎಲ್ಲರೂ ನೀತಿಪಾಠದ ಮುಖ ಹಾಕಿಕೊಂಡು ಕೂರುತ್ತಾರೆ.

ನ್ಯಾಯದ ಘಟಕಕ್ಕೆ ಅಮರ್ತ್ಯ ಸೇನ್ 2009ರ ತಮ್ಮ ಪುಸ್ತಕದಲ್ಲಿ ಕೊಟ್ಟ ಕೊಳಲಿನ ಉದಾಹರಣೆ ಹೇಳಿ ಮಾಡಿಸಿದಂತಿದೆ. ಒಂದು ಕೊಳಲು, ಮೂರು ಮಕ್ಕಳು. ಒಬ್ಬರಿಗೆ ಮಾತ್ರ ನುಡಿಸಲು ಬರುತ್ತದೆ, ಒಬ್ಬರ ಹತ್ತಿರ ಬೇರೆ ಆಟಿಕೆಯೇ ಇಲ್ಲ, ಒಬ್ಬರು ತಿಂಗಳುಗಟ್ಟಲೆ ಕೂತು ಅದನ್ನು ಮಾಡಿದವರು. ಕೊಳಲು ಯಾರಿಗೆ? ಮಕ್ಕಳು ಎರಡು ನಿಮಿಷದೊಳಗೆ "ಸರದಿ ಹಾಕೋಣ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು ಅಂದುಕೊಂಡು ಟೀಚರ್ ಕೈಚೆಲ್ಲುತ್ತಾರೆ. ಮುಗಿದಿಲ್ಲ. "ಸರಿ, ಮೊದಲ ಸರದಿ ಯಾರದು? ಯಾಕೆ?" ಅನ್ನಿ, ಇಡೀ ಪ್ರಶ್ನೆ ವಾಪಸು ಬರುತ್ತದೆ.

ಎರಡನೇ ಘಟಕಕ್ಕೆ ಸೈಕಲ್. ಏಳು ಚೀಟಿ: ಬೆಲ್ಲು, ಸೀಟು, ಮುಂದಿನ ಚಕ್ರ, ಹಿಂದಿನ ಚಕ್ರ, ಚೈನು, ಹ್ಯಾಂಡಲ್, ಫ್ರೇಮು. ನೆಲದ ಮೇಲೆ ಒಂದು ಗೆರೆ ಎಳೆದು, ಈ ತುದಿಗೆ "ಅದೇ ಸೈಕಲ್", ಆ ತುದಿಗೆ "ಬೇರೆ ಸೈಕಲ್". ಒಂದೊಂದು ಭಾಗ ಬದಲಾದಂತೆ ಮಕ್ಕಳು ತಮಗೆ ಸರಿ ಕಂಡ ಜಾಗಕ್ಕೆ ಸರಿಯಬೇಕು. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸಿದ ಥೀಸಿಯಸ್ಸನ ಹಡಗಿನ ಪ್ರಶ್ನೆ ಇದು. ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ "ಅಚ್ಚು ರಥವೋ, ಗಾಲಿ ರಥವೋ" ಎಂದು ಕೇಳಿದ್ದೂ ಹತ್ತಿರದ್ದೇ. ಮಕ್ಕಳಿಗೆ ಇಬ್ಬರ ಹೆಸರೂ ಬೇಕಿಲ್ಲ, ಟೀಚರಿಗೆ ಗೊತ್ತಿದ್ದರೆ ಸಾಕು. ಇಲ್ಲಿ ಸಿಕ್ಕಿಕೊಳ್ಳುವ ಜಾಗ ಫ್ರೇಮು: "ನಂಬರ್ ಇರೋದು ಅದರ ಮೇಲೇ ಅಲ್ವಾ" ಅಂತ ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ಆಗ 17ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ ಸೇರಿಸಿದ ತಿರುವು ಬಳಸಿ: ಬಿಚ್ಚಿದ ಹಳೇ ಭಾಗಗಳನ್ನೆಲ್ಲ ಸೈಕಲ್ ಶಾಪಿನವನು ಎತ್ತಿಟ್ಟು, ಮತ್ತೆ ಜೋಡಿಸಿ ನಿಲ್ಲಿಸಿದ. ಈಗ ನಿನ್ನ ಸೈಕಲ್ ಯಾವುದು? ಮನೆಗೆಲಸವಾಗಿ, ಕಾವು ಒಮ್ಮೆ ಬದಲಾಗಿ, ಕಬ್ಬಿಣ ಒಮ್ಮೆ ಬದಲಾಗಿ, ಇನ್ನೂ "ತಾತನ ಕೊಡಲಿ" ಅನ್ನಿಸಿಕೊಳ್ಳುವಂಥ ವಸ್ತು ಮನೆಯಲ್ಲಿದೆಯಾ ಅಂತ ಅಜ್ಜಿಯನ್ನು ಕೇಳಿ ಬರಲಿ.

ತಿಳಿವಿನ ಘಟಕಕ್ಕೆ ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಉದಾಹರಣೆಯೇ ಸಾಕು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಅಲ್ಲಿ ಬೆಂಕಿ ಇದೆಯೇ? "ಅಡುಗೆಮನೆಯಲ್ಲಿ ನೋಡಿದ್ದೀವಿ" ಎಂಬ ದೃಷ್ಟಾಂತ ಮಕ್ಕಳಿಂದಲೇ ಬರುತ್ತದೆ. ಅದು ಮಂಜಾಗಿದ್ದರೆ, ಜಲ್ಲಿ ಕ್ರಷರಿನ ಧೂಳಾಗಿದ್ದರೆ ಎಂಬ ಎದುರುದಾಹರಣೆಯೂ ಬರುತ್ತದೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ, ವಾದದ ಐದು ಹೆಜ್ಜೆಗಳ ಶಾಸ್ತ್ರದ ಹೆಸರು ಮಾತ್ರ ಬೋರ್ಡಿಗೆ ಬರಬಾರದು. ಬಂದರೆ ಸೋಮವಾರಕ್ಕೆ ಬಾಯಿಪಾಠ.

ಕೊನೆಯ ಘಟಕ ಗೋವಿನ ಹಾಡು. ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ ತಾತ್ವಿಕ ಪಠ್ಯ ಮಕ್ಕಳ ಕೈಗೆ ಸಿಗುವುದಿಲ್ಲ, ಇದಕ್ಕಿಂತ ಸುಲಭವಾಗಿ ಹಾಳಾಗುವುದೂ ಇಲ್ಲ. ಆಡಿಯೊವನ್ನು ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹುಲಿಯ ಗವಿಯತ್ತ ಹೊರಡುವಲ್ಲಿಗೆ ನಿಲ್ಲಿಸಬೇಕು. ಕೊನೆ ಗೊತ್ತಿರುವ ಮಕ್ಕಳು ಇದ್ದೇ ಇರುತ್ತಾರೆ. ಹುಲಿ ಸತ್ತದ್ದನ್ನು ಅವರು ಹೇಳಿಬಿಟ್ಟರೆ "ನೋಡಿ, ಸತ್ಯಕ್ಕೆ ಜಯ" ಎಂದು ಚರ್ಚೆಗೆ ಬಾಗಿಲು ಬಿತ್ತು. "ಇಲ್ಲಿವರೆಗೆ ನಡೆದದ್ದು ಮಾತ್ರ ಪುಣ್ಯಕೋಟಿಗೂ ಗೊತ್ತಿತ್ತು, ನಾವೂ ಅಷ್ಟನ್ನೇ ಇಟ್ಟುಕೊಳ್ಳೋಣ" ಎಂಬ ನಿಯಮ ಹಾಕಿ. ಮಕ್ಕಳು ಒಪ್ಪುತ್ತಾರೆ, ನಿಯಮ ಮುರಿದವರನ್ನು ಅವರೇ ಹಿಡಿಯುತ್ತಾರೆ.

"ಹೆದರಿ ಕೊಟ್ಟ ಮಾತು" ಗೆದ್ದಿತು ಅಂದುಕೊಳ್ಳಿ. ಸಂವಾದ ಹೆಚ್ಚುಕಡಿಮೆ ಹೀಗೆ ಹರಿಯುತ್ತದೆ.

"ಹುಲಿ ತಿಂತೀನಿ ಅಂತ ಹೆದರಿಸ್ತು. ಹೆದರಿಸಿ ತಗೊಂಡ ಮಾತು ಮಾತೇ ಅಲ್ಲ ಮಿಸ್."

"ಹುಲಿ ಮಾತು ಕೇಳ್ಲೇ ಇಲ್ವಲ್ಲ. ಹಸುನೇ ಬರ್ತೀನಿ ಅಂದಿದ್ದು."

ಇಲ್ಲಿ ಟೀಚರ್ ಒಂದೇ ಮಾತು: "ತಾನಾಗಿ ಕೊಟ್ಟಿದ್ದೂ ಹೆದರಿ ಕೊಟ್ಟಿದ್ದೂ ಎರಡೂ ಒಟ್ಟಿಗೆ ಆಗಬಹುದಾ?" ಆಮೇಲೆ ಕಾಯಬೇಕು. ಯಾರಾದರೊಬ್ಬರು ತರಗತಿಯ ಉದಾಹರಣೆ ತರುತ್ತಾರೆ: ದೊಡ್ಡ ಹುಡುಗ ಹೊಡಿತೀನಿ ಅಂದ, ನಾಳೆ ಪೆನ್ಸಿಲ್ ತರ್ತೀನಿ ಅಂದೆ, ತರಬೇಕಾ? ಹೆಚ್ಚಿನವರು ಬೇಡ ಅನ್ನುತ್ತಾರೆ. "ಹಾಗಾದರೆ ಪುಣ್ಯಕೋಟಿಗೂ ಅದಕ್ಕೂ ಏನು ವ್ಯತ್ಯಾಸ?" ಪೆನ್ಸಿಲ್ ಹುಡುಗ ಬೇಕಂತಲೇ ಹೆದರಿಸಿದ, ಹುಲಿಗೆ ಹಸಿವಾಗಿತ್ತು. ಹಸಿವಿದ್ದರೆ ಹೆದರಿಸಬಹುದಾ? ಹುಲ್ಲು ತಿನ್ನಲಾಗದ ಪ್ರಾಣಿ ಕೆಟ್ಟದ್ದಾಗುತ್ತಾ? ಇನ್ನೊಂದು ಕಡೆಯಿಂದ ಕರುವಿನ ಪ್ರಶ್ನೆ ಏಳುತ್ತದೆ: ಅಮ್ಮ ಅಂದಮೇಲೆ ನೋಡ್ಕೋತೀನಿ ಅಂತ ಮಾತು ಕೊಟ್ಟ ಹಾಗೇ ಅಲ್ವಾ, ಬಾಯಲ್ಲಿ ಹೇಳದಿದ್ದರೂ? ಹೇಳದೇ ಕೊಟ್ಟ ಮಾತು, ಹೇಳಿ ಕೊಟ್ಟ ಮಾತು, ಯಾವುದು ದೊಡ್ಡದು? ಇಲ್ಲಿಗೆ ಬಂದಾಗ 17 ನಿಮಿಷ ಮುಗಿದಿರುತ್ತದೆ. ಕರುವಿನ ಪ್ರಶ್ನೆಯನ್ನು ಮುಂದಿನ ವಾರಕ್ಕೆ ಎತ್ತಿಟ್ಟು, ಮೂರನೇ ವಾರ ಹಾಡಿನ ಕೊನೆಯನ್ನು ಪೂರ್ತಿ ಕೇಳಿಸಿ, ಹುಲಿ ತನ್ನ ಪ್ರಾಣ ಬಿಟ್ಟದ್ದು ಸರಿಯಾ ಎಂದು ಮಕ್ಕಳು ಕೇಳುವ ಹಾಗೆ ಜಾಗ ಬಿಡಿ. ಯಾರ ಮನೆಯಲ್ಲಾದರೂ ಇತ್ತೀಚೆಗೆ ಸಾವಾಗಿದ್ದರೆ ಆ ಮೂರನೇ ವಾರವನ್ನು ಬಿಟ್ಟುಬಿಡುವುದೇ ಲೇಸು.

ಜಾತಿ, ದೇವರು ಬಂದೇ ಬರುತ್ತವೆ, ಅದೂ ಕೊಳಲಿನ ಚರ್ಚೆಯಲ್ಲೇ. ಮುಚ್ಚಿಹಾಕುವುದು ತಪ್ಪು. ಒಂದು ಮಗುವಿನ ಮನೆಯನ್ನು ಉದಾಹರಣೆ ಮಾಡಿ ಎಲ್ಲರೂ ಮಾತಾಡಲು ಬಿಡುವುದು ಇನ್ನೂ ದೊಡ್ಡ ತಪ್ಪು. "ಒಂದು ಊರಲ್ಲಿ" ಅಂತ ಮಾತನ್ನು ದೂರ ಸರಿಸಿ, ಪ್ರಶ್ನೆಯನ್ನು ಉಳಿಸಿಕೊಳ್ಳಿ. ಪೋಷಕರಿಗೆ ಶುರುವಿನಲ್ಲೇ ಒಂದು ಪಿರಿಯಡ್ ಮಾಡಿ ತೋರಿಸಿದರೆ "ಮಕ್ಕಳಿಗೆ ಎದುರುತ್ತರ ಕಲಿಸ್ತಾರೆ" ಎಂಬ ದೂರು ಅರ್ಧ ಕಡಿಮೆಯಾಗುತ್ತದೆ.

ಅಂಕ ಬೇಡ, ಆದರೆ ದಾಖಲೆ ಬೇಕು. ಪ್ರತಿ ಶುಕ್ರವಾರ ಐದೇ ಮಕ್ಕಳನ್ನು ಗಮನಿಸಿ. ಆರು ವಾರಕ್ಕೆ 30 ಮಕ್ಕಳು ಒಂದು ಸುತ್ತು, 12 ವಾರಕ್ಕೆ ಎರಡು ಸುತ್ತು. ನೋಡಬೇಕಾದ್ದು ನಾಲ್ಕು: ಕಾರಣ ಕೊಟ್ಟಿತೇ, ಉದಾಹರಣೆಯನ್ನೋ ಎದುರುದಾಹರಣೆಯನ್ನೋ ತಂದಿತೇ, ಬೇರೆ ಮಗುವಿನ ಮಾತನ್ನು ಹೆಸರು ಹಿಡಿದು ಎತ್ತಿಕೊಂಡಿತೇ, ತನ್ನ ಅಭಿಪ್ರಾಯ ತಿದ್ದಿಕೊಂಡಿತೇ. ಸುಮ್ಮನೆ ಕೂತ ಮಗುವಿಗೆ ಖಾಲಿ ಮನೆ ಬೀಳದಂತೆ ಭಾನುವಾರದ ಧ್ವನಿಯನ್ನೂ ಇದೇ ಹಾಳೆಗೆ ಸೇರಿಸಿ. ವೃತ್ತದಲ್ಲಿ ತುಟಿ ಬಿಚ್ಚದವರು ಫೋನಿನಲ್ಲಿ ಪಟಪಟ ಅನ್ನುವುದು ಅಪರೂಪವಲ್ಲ, ಮಿಶ್ರಕ್ರಮದ ನಿಜವಾದ ಲಾಭ ನನ್ನ ಲೆಕ್ಕದಲ್ಲಿ ಇದೊಂದೇ.

ಇದನ್ನು ಆಡಳಿತ ಮಂಡಳಿಗೆ ಒಪ್ಪಿಸುವಾಗ "ಗಣಿತದ ಅಂಕ ಏರುತ್ತದೆ" ಎಂದು ಮಾರಬೇಡಿ. ಇಂಗ್ಲೆಂಡಿನ 48 ಶಾಲೆಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಮಕ್ಕಳ ತತ್ವಶಾಸ್ತ್ರದ ಪ್ರಯೋಗದಲ್ಲಿ ಓದು ಮತ್ತು ಗಣಿತದಲ್ಲಿ ಸುಮಾರು ಎರಡು ತಿಂಗಳಷ್ಟು ಮುನ್ನಡೆ ಕಂಡಿತ್ತು. ಅದನ್ನೇ ಇನ್ನಷ್ಟು ದೊಡ್ಡದಾಗಿ ಮಾಡಿದ, 2021ರಲ್ಲಿ ವರದಿಯಾದ ಪ್ರಯೋಗದಲ್ಲಿ ಓದಿನ ಅಂಕದ ಮೇಲೆ ಅಂಥ ಪರಿಣಾಮ ಸಿಗಲಿಲ್ಲ. ಅಂಕದ ಆಸೆ ತೋರಿಸಿ ಪಡೆದ ಪಿರಿಯಡ್ಡನ್ನು ಮೊದಲ ಪರೀಕ್ಷೆ ಬಂದ ಕೂಡಲೇ ಗಣಿತಕ್ಕೆ ಕಿತ್ತುಕೊಳ್ಳುತ್ತಾರೆ.

ಹೊರದೇಶಗಳಲ್ಲಿ ವಾರಾಂತ್ಯಕ್ಕೆ ಆನ್‌ಲೈನ್ ಕನ್ನಡ ಕಲಿಸುವವರಿಗೂ ಇದು ಹೊಂದುತ್ತದೆ. ಆದರೆ ಪರದೆಯ ಮೇಲೆ ಎಂಟು ಮಕ್ಕಳಿಗಿಂತ ಹೆಚ್ಚು ಬೇಡ, ಸಂವಾದ 12 ನಿಮಿಷ ದಾಟಿಸಬೇಡಿ. ಮಾತಾಡಿದ ಮಗುವೇ ಮುಂದಿನವರ ಹೆಸರು ಕರೆಯಲಿ, ಇಲ್ಲದಿದ್ದರೆ ಮ್ಯೂಟ್ ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ನಡುವೆ ಇಂಗ್ಲಿಷಿಗೆ ಜಾರಿದರೆ ತಡೆಯಬೇಡಿ, ಕೊನೆಯ ಮಾತನ್ನು ಮಾತ್ರ ಕನ್ನಡದಲ್ಲಿ ಕೇಳಿ.

ಟೀಚರ್ ತಮ್ಮನ್ನು ಅಳೆದುಕೊಳ್ಳಲು ಸುಲಭದ ದಾರಿ ಇದೆ. ತಿಂಗಳಿಗೊಮ್ಮೆ ಆ 17 ನಿಮಿಷವನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ, ತಾವು ಮಾತಾಡಿದ ಸೆಕೆಂಡುಗಳನ್ನು ಕೂಡಿ ನೋಡುವುದು. ನಾಲ್ಕು ನಿಮಿಷದೊಳಗಿದ್ದರೆ ಚೆನ್ನ. ಎಂಟು ದಾಟಿದ್ದರೆ ಮುಂದಿನ ವಾರ ಹೊರಗಿನ ವೃತ್ತದಲ್ಲಿ ಕೂತು, ಸಂವಾದ ನಡೆಸುವ ಕೆಲಸವನ್ನು ಇಬ್ಬರು ಮಕ್ಕಳಿಗೆ ಕೊಡಿ. "ಯಾಕೆ ಹಾಗನ್ಸುತ್ತೆ?" ಮೊದಲಾದ ಆ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆಯಿತು.